ಗಂಡೆದೆಯೂ ಹೆಣ್ಣೆದೆಯೂ

ಧೈರ್ಯಶಾಲಿಯನ್ನು ಕುರಿತು ‘ಗಂಡೆದೆಯವನು’ ಎನ್ನುವುದು ಕನ್ನಡದ ರೂಢಿ. ಹೆಣ್ಣೊಬ್ಬಳ ಧೈರ್ಯವನ್ನು ಕೊಂಡಾಡಬೇಕಾದಾಗಲೂ ‘ಗಂಡೆದೆಯ ಹೆಣ್ಣು’ ಎಂದೇ ಕೊಂಡಾಡುತ್ತಾರೆ. ಅವಳ ಎದೆಯನ್ನು ಗಂಡಿನದಾಗಿ ಮಾಡಿದ ಹೊರತು ಆ ಹೊಗಳಿಕೆ ಪೂರ್ಣವಾಗದೆಂಬಂತೆ. ಸಂಸ್ಕೃತದಿಂದ ಇಳಿದುಬಂದ ‘ಅಬಲೆ’ ಎಂಬ ಪದದ ಮಾತಂತೂ ಇರಲಿ. ನುಡಿಯ ಈ ರೂಢಿಯಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಆದರೆ ಇದೇ ಎಣಿಕೆ ವೈದ್ಯಶಾಸ್ತ್ರದೊಳಗೂ ಬಹುಕಾಲ ಸದ್ದಿಲ್ಲದೆ ಮನೆಮಾಡಿಕೊಂಡಿತ್ತೆಂದರೆ ಓದುಗರಿಗೆ ಆಶ್ಚರ್ಯವಾದೀತು. ಮನುಷ್ಯದೇಹವೆಂದರೆ ಗಂಡಿನ ದೇಹ. ಹೆಣ್ಣಿನದು ಅದರದೇ ಕೊಂಚ ಚಿಕ್ಕದಾದ, ಗರ್ಭಕೋಶವೊಂದನ್ನು ಹೆಚ್ಚಿಗೆ ಪಡೆದ ಪ್ರತಿ — ಔಷಧದ ಪ್ರಮಾಣ, ಕಾಯಿಲೆಯ ಲಕ್ಷಣ, ಪ್ರಯೋಗಶಾಲೆಯ ಇಲಿ, ಎಲ್ಲವೂ ಈ ನಂಬಿಕೆಯ ಮೇಲೆಯೇ ನಿಂತಿದ್ದವು. ಇಲ್ಲಿ ಅಪಾಯವುಂಟು.

ಸ್ತ್ರೀಪುರುಷ ಭೇದವನ್ನು ಕುರಿತು ಇಂದು ಎರಡು ಬಗೆಯ ವಾದಗಳು ಕೇಳಿಬರುತ್ತವೆ. ಪ್ರಕೃತಿಯೇ ಇಬ್ಬರನ್ನೂ ಬೇರೆ ಬೇರೆಯಾಗಿ ಮಾಡಿದೆ, ಆದ್ದರಿಂದ ಸಮಾಜದಲ್ಲಿ ಅವರ ಸ್ಥಾನವೂ ಬೇರೆಯೇ ಎಂಬುದು ಒಂದು. ಭೇದದ ಮಾತೆತ್ತುವುದೇ ಹೆಣ್ಣಿಗೆ ಅವಮಾನ, ಇಬ್ಬರ ದೇಹವೂ ಒಂದೇ ಎಂಬುದು ಇನ್ನೊಂದು. ಮೊದಲನೆಯದು ಹಳೆಯ ಅಹಂಕಾರ, ಎರಡನೆಯದು ಹೊಸ ಸೌಜನ್ಯ. ವಿಚಿತ್ರವೆಂದರೆ ಇವೆರಡೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಹೆಣ್ಣಿನ ದೇಹವನ್ನು ಅದರದೇ ಅಳತೆಯಲ್ಲಿ ನೋಡುವ ಶ್ರಮವನ್ನು ಇಬ್ಬರೂ ತೆಗೆದುಕೊಳ್ಳುವುದಿಲ್ಲ. ಭೇದ ಇದೆ, ಜೀವಕೋಶದ ಒಳಗಿನಿಂದಲೇ ಇದೆ. ಅದು ಮೇಲುಕೀಳಿನ ಭೇದವಲ್ಲ. ಅದನ್ನು ಅರಿಯದಿದ್ದರೆ ನಷ್ಟವಾಗುವುದು ಆರೋಗ್ಯಕ್ಕೆ.

ವಿಷಯವನ್ನು ಮೊದಲಿನಿಂದ ನೋಡುವುದು ಒಳ್ಳೆಯದು. ಗಂಡೋ ಹೆಣ್ಣೋ ಎಂಬುದು ಹೇಗೆ ನಿರ್ಣಯವಾಗುತ್ತದೆಂಬುದಕ್ಕೆ ಇಪ್ಪತ್ತನೆಯ ಶತಮಾನ ಹುಟ್ಟುವವರೆಗೂ ಸರಿಯಾದ ಉತ್ತರವಿರಲಿಲ್ಲ. 1905ರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳುವಿನ ಜೀವಕೋಶಗಳನ್ನು ಪರೀಕ್ಷಿಸುತ್ತ, ಗಂಡಿನಲ್ಲಿ ಒಂದು ವರ್ಣತಂತು ಮಾತ್ರ ತೀರ ಚಿಕ್ಕದಾಗಿರುವುದನ್ನು ಕಂಡಳು. ಅದೇ ಕಾಲದಲ್ಲಿ ಎಡ್ಮಂಡ್ ವಿಲ್ಸನ್ ಎಂಬಾತನೂ ಬೇರೆ ಕೀಟಗಳಲ್ಲಿ ಇಂಥದೇ ನಿರ್ಣಯಕ್ಕೆ ಬಂದಿದ್ದ. ಮುಂದೆ ಎಕ್ಸ್ ಮತ್ತು ವೈ ಎಂದು ಹೆಸರಾದ ವರ್ಣತಂತುಗಳ ಕಥೆ ಆರಂಭವಾದದ್ದು ಹೀಗೆ. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದು ಎಕ್ಸ್, ಒಂದು ವೈ. ತಾಯಿಯ ಅಂಡದಲ್ಲಿ ಸಾಮಾನ್ಯವಾಗಿ ಇರುವುದು ಎಕ್ಸ್ ಒಂದೇ. ತಂದೆಯ ವೀರ್ಯಾಣು ಎಕ್ಸ್ ತಂದರೆ ಮಗಳು, ವೈ ತಂದರೆ ಮಗ. ಮೂರು ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿದ ಮನೆಗಳೆಷ್ಟು! ಆಕೆಯ ಮಟ್ಟಿಗೆ ಆ ಆರೋಪ 1905ರಷ್ಟು ಹಿಂದೆಯೇ ವಜಾ ಆಗಿದೆ. ತೀರ್ಪಿನ ಪ್ರತಿ ಇನ್ನೂ ಎಲ್ಲ ಮನೆಗಳಿಗೆ ತಲುಪಿಲ್ಲ, ಅಷ್ಟೆ.

ತಲುಪದಿರುವುದಕ್ಕೆ ಲೆಕ್ಕವೂ ಸಾಕ್ಷಿಯಿದೆ. ಯಾರೂ ಕೈಹಾಕದಿದ್ದರೆ ಸಾವಿರ ಗಂಡುಮಕ್ಕಳಿಗೆ ಸುಮಾರು ಒಂಬೈನೂರೈವತ್ತು ಹೆಣ್ಣುಮಕ್ಕಳು ಹುಟ್ಟುವುದು ಪ್ರಕೃತಿಯ ಕ್ರಮ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿ 948 ಹೆಣ್ಣುಮಕ್ಕಳಿದ್ದರೆ, ಮಹಾರಾಷ್ಟ್ರದಲ್ಲಿ 894, ದೆಹಲಿಯಲ್ಲಿ 871. ಭ್ರೂಣಲಿಂಗ ಪರೀಕ್ಷೆಯ ವಿರುದ್ಧ 1988ರಲ್ಲಿ ದೇಶದಲ್ಲೇ ಮೊದಲು ಕಾಯಿದೆ ಮಾಡಿದ ರಾಜ್ಯ ಮಹಾರಾಷ್ಟ್ರವೇ. ಕೇಂದ್ರದ ಕಾಯಿದೆ ಬಂದದ್ದು 1994ರಲ್ಲಿ. ಊರು ಬಿಟ್ಟು ಮಹಾನಗರಕ್ಕೆ ಬಂದವರು ವಿದ್ಯೆ, ಉದ್ಯೋಗ, ಸಂಪತ್ತುಗಳ ಜೊತೆಗೆ ಯಂತ್ರಗಳ ಸಾಮೀಪ್ಯವನ್ನೂ ಪಡೆದರು. ಎಲ್ಲ ಸಾಮೀಪ್ಯವೂ ಲಾಭವಲ್ಲ.

ವೈ ವರ್ಣತಂತು ಮಾಡುವ ಕೆಲಸವಾದರೂ ಏನು? ಗರ್ಭದಲ್ಲಿ ಮೊದಲ ಆರು ವಾರಗಳವರೆಗೆ ಗಂಡುಭ್ರೂಣಕ್ಕೂ ಹೆಣ್ಣುಭ್ರೂಣಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ಮುಂದೆ ವೃಷಣವೋ ಅಂಡಾಶಯವೋ ಆಗಬಲ್ಲ ಒಂದೇ ಬಗೆಯ ಗ್ರಂಥಿಯೂ, ಗಂಡಿನ ನಾಳ ಹೆಣ್ಣಿನ ನಾಳ ಎಂಬ ಎರಡು ಜೊತೆ ನಾಳಗಳೂ ಇಬ್ಬರಲ್ಲೂ ಇರುತ್ತವೆ. 1940ರ ದಶಕದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ತ್ ಎಂಬ ವಿಜ್ಞಾನಿ ತಾಯಿಮೊಲದ ಗರ್ಭದೊಳಗಿನ ಮರಿಗಳಿಗೆ ಶಸ್ತ್ರಕ್ರಿಯೆ ಮಾಡಿ ಆ ಗ್ರಂಥಿಗಳನ್ನು ತೆಗೆದುಹಾಕಿದ. ಆಮೇಲೆ ಬೆಳೆದ ಮರಿಗಳು ವರ್ಣತಂತುಗಳ ಪ್ರಕಾರ ಗಂಡಾಗಿರಲಿ ಹೆಣ್ಣಾಗಿರಲಿ, ಎಲ್ಲವಕ್ಕೂ ಹೆಣ್ಣಿನ ನಾಳಗಳೇ ಬೆಳೆದವು. ವೃಷಣದಿಂದ ಸ್ರವಿಸುವ ಹಾರ್ಮೋನುಗಳು ಬಂದರೆ ಮಾತ್ರ ದೇಹ ಗಂಡಿನ ಹಾದಿ ಹಿಡಿಯುತ್ತದೆಂದು ಇದರಿಂದ ತಿಳಿಯಿತು. ವೃಷಣವನ್ನು ಕಟ್ಟಲು ಆಜ್ಞೆ ಕೊಡುವ ವಂಶವಾಹಿ 1990ರಲ್ಲಿ ಲಂಡನ್ನಿನಲ್ಲಿ ಸಿಕ್ಕಿತು. ಎಸ್‌ಆರ್‌ವೈ ಎಂಬುದು ಅದರ ಹೆಸರು. ಮರುವರ್ಷ ಅದೇ ತಂಡದವರು ಎರಡು ಎಕ್ಸ್ ಇರುವ ಇಲಿಯ ಭ್ರೂಣದೊಳಕ್ಕೆ ಇಲಿಯದೇ ಆ ಒಂದು ವಂಶವಾಹಿಯನ್ನು ಸೇರಿಸಿದಾಗ ಹುಟ್ಟಿದ್ದು ವೃಷಣವುಳ್ಳ ಗಂಡಿಲಿ.

ಜೋಸ್ತ್‌ನ ಪ್ರಯೋಗದ ಅರ್ಥವನ್ನು ಪಠ್ಯಪುಸ್ತಕಗಳು ಹೇಗೆ ಬರೆದವೆಂಬುದು ವಿಚಾರಾರ್ಹ. ಗಂಡಾಗುವುದು ಒಂದು ಕ್ರಿಯೆ, ಹೆಣ್ಣಾಗುವುದು ಏನೂ ನಡೆಯದಿದ್ದುದರ ಫಲ ಎಂದು ಅವು ಬರೆದವು. ಹೆಣ್ಣು ಎಂದರೆ ‘ಇಲ್ಲ’ ಎಂಬ ಅರ್ಥ ಇಲ್ಲಿಯೂ ಬಂದು ಕುಳಿತಿತು. ಇದರ ಪರಿಣಾಮವಾಗಿ ಅಂಡಾಶಯ ಹೇಗೆ ರೂಪುಗೊಳ್ಳುತ್ತದೆಂದು ಹುಡುಕುವವರು ದಶಕಗಳ ಕಾಲ ವಿರಳವಾಗಿದ್ದರು. ತಾನೇ ಆಗುವುದನ್ನು ಹುಡುಕುವುದೇನಿದೆ? ಹುಡುಕಿದಾಗ ಕಂಡದ್ದೇ ಬೇರೆ. ಅಂಡಾಶಯವನ್ನು ಕಟ್ಟಲು ತನ್ನದೇ ಆದ ವಂಶವಾಹಿಗಳ ಸಾಲೊಂದು ದುಡಿಯುತ್ತದೆ. ಕಟ್ಟಿದ ಮೇಲೂ ಅದಕ್ಕೆ ಕಾವಲು ಬೇಕು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆಳೆದ ಹೆಣ್ಣಿಲಿಯ ಅಂಡಾಶಯದಲ್ಲಿ ಒಂದೇ ಒಂದು ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದೊಡನೆ ಅಲ್ಲಿನ ಜೀವಕೋಶಗಳು ವೃಷಣದ ಜೀವಕೋಶಗಳಂತೆ ಮಾರ್ಪಡತೊಡಗಿದವು. ಅಂದರೆ ಹೆಣ್ಣಾಗಿರುವುದೂ ದಿನನಿತ್ಯದ ದುಡಿಮೆಯೇ. ಗೃಹಿಣಿಯರಿಗೆ ಇದು ಹೊಸ ಸುದ್ದಿಯಾಗಿ ತೋರಲಾರದು.

ಈ ದಾರಿಯಲ್ಲಿ ಕವಲುಗಳೂ ಉಂಟು. ಆಕಳು ಅವಳಿ ಹಾಕಿದಾಗ ಒಂದು ಹೋರಿಗರು, ಒಂದು ಹೆಣ್ಣುಗರುವಾದರೆ, ಆ ಹೆಣ್ಣುಗರು ಬೆಳೆದು ಬಹುಪಾಲು ಗೊಡ್ಡಾಗಿಯೇ ಉಳಿಯುತ್ತದೆ. ಗರ್ಭದಲ್ಲಿ ಇಬ್ಬರ ರಕ್ತನಾಳಗಳು ಕೂಡಿಕೊಂಡು ಅಣ್ಣನ ಹಾರ್ಮೋನು ತಂಗಿಗೆ ಹರಿದಿರುವುದೇ ಕಾರಣ. ಮನುಷ್ಯರಲ್ಲಿಯೂ ಎಕ್ಸ್ ಮತ್ತು ವೈ ಇದ್ದು, ಗಂಡು ಹಾರ್ಮೋನಿಗೆ ಓಗೊಡುವ ಶಕ್ತಿ ದೇಹಕ್ಕಿಲ್ಲದೆ, ಹೊರನೋಟಕ್ಕೆ ಪೂರ್ಣ ಹೆಣ್ಣಾಗಿಯೇ ಬೆಳೆಯುವವರಿದ್ದಾರೆ. ಎರಡು ಹಾದಿಗಳ ನಡುವೆ ಹುಟ್ಟುವ ಇಂಥವರನ್ನು ಕುಟುಂಬಗಳು ಬಚ್ಚಿಟ್ಟದ್ದೇ ಹೆಚ್ಚು. ಅವರಿಗೆ ಬೇಕಾದದ್ದು ತಿಳಿದ ವೈದ್ಯರ ಸಲಹೆ ಮತ್ತು ಬಾಯಿಬಡುಕತನವಿಲ್ಲದ ಬಂಧುಗಳು.

ಹೆಣ್ಣಿಗೆ ಎಕ್ಸ್ ಎರಡಾದರೆ ಗಂಡಿಗಿಂತ ಇಮ್ಮಡಿ ಪ್ರಭಾವವಾಗಬೇಕಲ್ಲವೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಮುಂಬಯಿಯ ಯಾವ ಮೀನುಮಾರುಕಟ್ಟೆಯ ಬಳಿ ನಿಂತರೂ ಕಣ್ಣಿಗೆ ಬೀಳುತ್ತದೆ. ಕರಿ ಮತ್ತು ಕಿತ್ತಳೆ ಬಣ್ಣದ ತೇಪೆಗಳು ಮೈಮೇಲೆ ಕೂಡಿರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಈ ಬಣ್ಣದ ವಂಶವಾಹಿ ಎಕ್ಸ್‌ನ ಮೇಲಿದೆ. ಭ್ರೂಣಾವಸ್ಥೆಯಲ್ಲಿಯೇ ಹೆಣ್ಣಿನ ಪ್ರತಿಯೊಂದು ಜೀವಕೋಶವೂ ತನ್ನೆರಡು ಎಕ್ಸ್‌ಗಳಲ್ಲಿ ಒಂದನ್ನು ಮಲಗಿಸಿಬಿಡುತ್ತದೆ. ಯಾವುದನ್ನು ಎಂಬುದು ಚೀಟಿ ಎತ್ತಿದಂತೆ. ಒಂದೆಡೆ ತಂದೆಯದು ಎಚ್ಚರ, ಇನ್ನೊಂದೆಡೆ ತಾಯಿಯದು. ಬೆಕ್ಕಿನ ತೊಗಲಿನ ಮೇಲೆ ಆ ಚೀಟಿಗಳ ಫಲಿತಾಂಶ ಬಣ್ಣದಲ್ಲಿ ಬರೆದಿರುತ್ತದೆ. ಮಲಗಿದ ಎಕ್ಸ್ ಒಂದು ಚುಕ್ಕೆಯಾಗಿ ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು 1949ರಲ್ಲಿ ಕೆನಡಾದ ಮರ್ರೆ ಬಾರ್ ಎಂಬಾತ ಬೆಕ್ಕಿನ ನರಕೋಶಗಳಲ್ಲಿಯೇ ಗುರುತಿಸಿದ್ದ. ಅದರ ಅರ್ಥವನ್ನು 1961ರಲ್ಲಿ ಬಿಡಿಸಿ ಹೇಳಿದವಳು ಇಂಗ್ಲೆಂಡಿನ ಮೇರಿ ಲಯನ್. ಹೆಂಗಸೂ ಹೀಗೆಯೇ ಎರಡು ಬಗೆಯ ಜೀವಕೋಶಗಳ ನೇಯ್ಗೆ. ಹಾಸೂ ಹೊಕ್ಕೂ ಬೇರೆ ಬೇರೆ.

ಈ ನೇಯ್ಗೆ ಅವಳಿಗೆ ರಕ್ಷೆ. ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಇನ್ನೊಂದು ಎಚ್ಚರವಿರುವ ಜೀವಕೋಶಗಳು ಹೊರೆ ಹೊರುತ್ತವೆ. ಗಂಡಿಗೆ ಇರುವುದು ಒಂದೇ. ಅದು ಕೆಟ್ಟರೆ ಬದಲಿಯಿಲ್ಲ. ಕೆಂಪು-ಹಸಿರು ಬಣ್ಣಗಳನ್ನು ಗುರುತಿಸಲಾಗದ ವರ್ಣಾಂಧತೆ, ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯ, ಮಲೇರಿಯಾದ ಕೆಲವು ಮಾತ್ರೆಗಳಿಂದ ರಕ್ತಕಣಗಳು ಒಡೆಯುವಂತೆ ಮಾಡುವ ಜಿ-6-ಪಿ-ಡಿ ಕೊರತೆ, ಇವೆಲ್ಲ ಗಂಡಸರಲ್ಲಿ ಹೆಚ್ಚಾಗಿರುವುದು ಇದಕ್ಕಾಗಿಯೇ. ಆದರೆ ಅದೇ ನೇಯ್ಗೆಗೆ ಬೆಲೆಯೂ ತೆರಬೇಕಾಗಿದೆ. ದೇಹದ ರಕ್ಷಣಾವ್ಯವಸ್ಥೆ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳಲ್ಲಿ ರೋಗಿಗಳ ಪೈಕಿ ಐವರಲ್ಲಿ ನಾಲ್ವರು ಹೆಂಗಸರು. ಲೂಪಸ್ ಎಂಬ ರೋಗದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ. ಎಕ್ಸ್ ಒಂದನ್ನು ಮಲಗಿಸಲು ಜೀವಕೋಶ ಬಳಸುವ ಅಣುವೇ ಈ ಒಳಜಗಳಕ್ಕೆ ಒಂದು ಕಾರಣವಾಗಿರಬಹುದೆಂದು 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳ ಪ್ರಯೋಗದಿಂದ ತೋರಿಸಿದ್ದಾರೆ. ಕೀಲುನೋವು, ತೀರದ ಆಯಾಸ, ಕೂದಲುದುರುವಿಕೆ ಎಂದು ಹೇಳಿಕೊಳ್ಳುವ ನಡುವಯಸ್ಸಿನ ಹೆಂಗಸಿಗೆ ‘ಇದೆಲ್ಲ ಮನಸ್ಸಿನ ಭ್ರಮೆ’ ಎಂದು ಹೇಳಿ ಕಳಿಸುವ ಮುನ್ನ ಈ ಅಂಕಿಗಳು ನೆನಪಿಗೆ ಬರಬೇಕು.

ಇತರ ಸಸ್ತನಿಗಳತ್ತ ನೋಡಿದರೆ ‘ಗಂಡು ಬಲಿಷ್ಠ’ ಎಂಬ ನಿಯಮ ಬೇಗನೆ ಕುಸಿಯುತ್ತದೆ. ಆನೆಸೀಲ್ ಎಂಬ ಕಡಲಪ್ರಾಣಿಯಲ್ಲಿ ಗಂಡು ಹೆಣ್ಣಿಗಿಂತ ಹಲವು ಪಟ್ಟು ತೂಕವಿರುವುದು ನಿಜ. ಆದರೆ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲದಲ್ಲಿ ದೊಡ್ಡದು ಹೆಣ್ಣೇ. ಅನೇಕ ಜಾತಿಯ ಬಾವಲಿಗಳಲ್ಲಿಯೂ ಹಾಗೆ. ಆಫ್ರಿಕದ ಚುಕ್ಕೆ ಕತ್ತೆಕಿರುಬಗಳಲ್ಲಿ ಗುಂಪಿನ ಯಜಮಾನಿಕೆ ಹೆಣ್ಣಿನದು. ಹೊರನೋಟಕ್ಕೆ ಅವುಗಳ ಜನನಾಂಗವೂ ಗಂಡಿನದರಂತೆಯೇ ತೋರುವುದರಿಂದ ಹಿಂದಿನವರು ಅವನ್ನು ಉಭಯಲಿಂಗಿಗಳೆಂದೇ ಭಾವಿಸಿದ್ದರು. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ದಂತವಿರುವುದು ಗಂಡಾನೆಗೆ ಮಾತ್ರ, ಮದವೇರುವುದೂ ಅದಕ್ಕೇ. ಆದರೆ ಹಿಂಡನ್ನು ನೀರಿನೆಡೆಗೆ ಕರೆದೊಯ್ಯುವವಳು ಹಿರಿಯ ಹೆಣ್ಣಾನೆ. ಸಲಗ ಬೆಳೆದ ಮೇಲೆ ಹಿಂಡಿನಿಂದ ಹೊರಗೇ ಇರಬೇಕು. ದಂತದ ಆಸೆಗೆ ಗುಂಡು ತಿನ್ನುವುದೂ ಅದೇ.

ಧಾರವಾಡದ ಒಂದು ಸಂಗತಿಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. 1960ರ ದಶಕದ ಆದಿಯಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಎಂಬ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಕರಿಮೋರೆಯ ಮುಸುವಗಳನ್ನು ಅಭ್ಯಾಸ ಮಾಡುತ್ತಿದ್ದ. ಹೊಸ ಗಂಡೊಂದು ಬಂದು ಹಿಂಡಿನ ಹಳೆಯ ಯಜಮಾನನನ್ನು ಓಡಿಸಿದ ಮೇಲೆ ಅಲ್ಲಿನ ಹಾಲುಕುಡಿಯುವ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವನು ವರದಿ ಮಾಡಿದ. ಪಂಡಿತಲೋಕ ಬೆಚ್ಚಿತು, ಹಲವರು ಇದು ಜನದಟ್ಟಣೆಯಿಂದ ಬಂದ ಹುಚ್ಚೆಂದು ಬದಿಗೊತ್ತಿದರು. 1970ರ ದಶಕದಲ್ಲಿ ರಾಜಸ್ಥಾನದ ಆಬು ಪರ್ವತದಲ್ಲಿ ಇದೇ ಜಾತಿಯ ಕೋತಿಗಳನ್ನು ವರ್ಷಗಟ್ಟಲೆ ನೋಡಿದ ಅಮೆರಿಕದ ಸಾರಾ ಹರ್ಡಿ, ಈ ಕೊಲೆಗೆ ಲೆಕ್ಕಾಚಾರವಿದೆಯೆಂದು ವಾದಿಸಿದಳು: ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ, ಮುಂದಿನ ಮರಿ ಹೊಸಬನದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆಣ್ಣುಗಳು ಸುಮ್ಮನೆ ಕೂತಿರಲಿಲ್ಲವೆಂಬುದನ್ನು ಅವಳು ಕಂಡಳು. ಅವು ಒಟ್ಟುಗೂಡಿ ಮರಿಗಳಿಗಾಗಿ ಹೋರಾಡುತ್ತಿದ್ದವು. ಹೊರಗಿನ ಗಂಡುಗಳ ಸಂಗವನ್ನೂ ಮಾಡಿ, ಹುಟ್ಟುವ ಮರಿ ಯಾರದೆಂಬುದು ಯಾವ ಗಂಡಿಗೂ ಖಚಿತವಾಗದಂತೆ ನೋಡಿಕೊಳ್ಳುತ್ತಿದ್ದವು. ತನ್ನದೂ ಆಗಿರಬಹುದಾದ ಮರಿಯನ್ನು ಗಂಡು ಕೊಲ್ಲಲು ಹಿಂಜರಿಯುತ್ತದೆ. ಅದೇ ಕೋತಿ, ಅದೇ ಜಗಳ. ಮೊದಲಿನವರ ಕಣ್ಣು ಗಂಡುಗಳ ಕಾಳಗದ ಮೇಲೆ ನೆಟ್ಟಿದ್ದರಿಂದ ಅರ್ಧ ನಾಟಕ ಅವರಿಗೆ ಕಾಣಲೇ ಇಲ್ಲ. ಮನುಷ್ಯರ ನೀತಿಗೆ ಕೋತಿಗಳಿಂದ ಪಾಠ ಹೇಳಿಸುವುದು ಅವಿವೇಕ. ಆದರೆ ನೋಡುವವರ ಕಣ್ಣಿನ ಬಗ್ಗೆ ಈ ಕಥೆ ಹೇಳುವುದು ಬಹಳ.

ಆಯುಷ್ಯದ ವಿಚಾರದಲ್ಲಂತೂ ‘ಅಬಲೆ’ ಎಂಬ ಮಾತು ಪೂರ್ತಿ ತಲೆಕೆಳಗು. ಕಾಡಿನಲ್ಲಿ ಬದುಕುವ 101 ಜಾತಿಯ ಸಸ್ತನಿಗಳ ಲೆಕ್ಕ ಹಾಕಿ 2020ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಹೆಣ್ಣಿನ ಆಯುಷ್ಯ ಗಂಡಿನದಕ್ಕಿಂತ ಸರಾಸರಿ ನೂರಕ್ಕೆ 18.6ರಷ್ಟು ಹೆಚ್ಚು. ಮನುಷ್ಯರಲ್ಲಿ ಈ ಅಂತರ ಕೇವಲ 7.8. ಗಂಡುಶಿಶು ಹುಟ್ಟಿದ ಮೊದಲ ದಿನಗಳಲ್ಲಿಯೂ ಹೆಣ್ಣುಶಿಶುವಿಗಿಂತ ದುರ್ಬಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಆರೈಕೆ ಮಾಡುವ ದಾದಿಯರಿಗೆ ಇದು ಗೊತ್ತು. ಪ್ರಪಂಚದ ಬಹುಪಾಲು ದೇಶಗಳಲ್ಲಿ ಐದು ವರ್ಷದೊಳಗೆ ತೀರಿಕೊಳ್ಳುವವರಲ್ಲಿ ಗಂಡುಮಕ್ಕಳೇ ಹೆಚ್ಚು. ಭಾರತದಲ್ಲಿ ಮಾತ್ರ ದೀರ್ಘಕಾಲ ಹೆಣ್ಣುಮಕ್ಕಳು ಹೆಚ್ಚಾಗಿ ಸತ್ತರು. ಪ್ರಕೃತಿ ಕೊಟ್ಟ ಅನುಕೂಲವನ್ನು ಊಟದ ತಟ್ಟೆಯಲ್ಲಿಯೂ ಆಸ್ಪತ್ರೆಯ ಬಾಗಿಲಿನಲ್ಲಿಯೂ ಕಿತ್ತುಕೊಂಡ ಲೆಕ್ಕ ಅದು.

ಒಂದು ಎಚ್ಚರಿಕೆಯ ಮಾತು. ಇವೆಲ್ಲ ಸರಾಸರಿಯ ಸಂಗತಿಗಳು. ಗಂಡಸರು ಹೆಂಗಸರಿಗಿಂತ ಎತ್ತರವೆಂಬುದು ನಿಜವಾದರೂ ಲೋಕಲ್ ಗಾಡಿಯ ಒಂದು ನಿಲ್ದಾಣದಲ್ಲಿ ನಿಂತರೆ ಎಷ್ಟೋ ಗಂಡಸರಿಗಿಂತ ಎತ್ತರದ ಹೆಂಗಸರು ಇಳಿದು ಹೋಗುತ್ತಾರೆ. ಗಂಡಿನ ಮಿದುಳಿನ ಗಾತ್ರ ಸರಾಸರಿಯಲ್ಲಿ ನೂರಕ್ಕೆ ಹತ್ತರಷ್ಟು ದೊಡ್ಡದು. ಅದರಿಂದ ಬುದ್ಧಿ ಹೆಚ್ಚಾಯಿತೆಂಬುದಕ್ಕೆ ಆಧಾರವಿಲ್ಲ. ಬುದ್ಧಿಗೆ ಗಾತ್ರವೇ ಪ್ರಮಾಣವಾಗಿದ್ದರೆ ತಿಮಿಂಗಿಲ ವಿಶ್ವವಿದ್ಯಾಲಯ ನಡೆಸುತ್ತಿತ್ತು.

ಇನ್ನು ವೈದ್ಯಶಾಸ್ತ್ರದ ವಿಚಾರ. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹೆರುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭದ ಪರೀಕ್ಷೆಗಳಿಂದ ದೂರವಿಡಬೇಕೆಂದು ಸೂಚಿಸಿತು. ಉದ್ದೇಶ ಕೆಟ್ಟದ್ದಲ್ಲ, ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಕೈಕಾಲಿಲ್ಲದ ಶಿಶುಗಳು ಹುಟ್ಟಿದ ದುರಂತ ಎಲ್ಲರ ಮನಸ್ಸಿನಲ್ಲಿತ್ತು. ಆದರೆ 1993ರಲ್ಲಿ ಆ ಸೂಚನೆ ರದ್ದಾಗುವವರೆಗೆ ಎಷ್ಟೋ ಔಷಧಗಳ ಪ್ರಮಾಣ ಗಂಡಸಿನ ದೇಹದ ಮೇಲೆ ಅಳೆದದ್ದಾಗಿತ್ತು. ಪರೀಕ್ಷೆಯಿಲ್ಲದ ಔಷಧವನ್ನು ಹೆಂಗಸರು ನುಂಗುವುದೇನೂ ನಿಲ್ಲಲಿಲ್ಲ. ಜೋಲ್ಪಿಡೆಮ್ ಎಂಬ ನಿದ್ರೆಮಾತ್ರೆ ಹೆಂಗಸರ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ, ಬೆಳಿಗ್ಗೆ ವಾಹನ ನಡೆಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರುತ್ತದೆ ಎಂದು ಅದೇ ಇಲಾಖೆ ಹೆಂಗಸರಿಗೆ ಆರಂಭದ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿದ್ದು 2013ರಲ್ಲಿ. ಮಾತ್ರೆ ಅಲ್ಲಿನ ಮಾರುಕಟ್ಟೆಗೆ ಬಂದು ಆಗ ಇಪ್ಪತ್ತು ವರ್ಷ ಕಳೆದಿತ್ತು.

ಆಸ್ಪಿರಿನ್ನಿನ ಕಥೆ ಇನ್ನೂ ಬೋಧಪ್ರದ. ಅಮೆರಿಕದ 22,071 ವೈದ್ಯರ ಮೇಲೆ ನಡೆದು 1989ರಲ್ಲಿ ಅಂತಿಮ ವರದಿ ಬಂದ ಪರೀಕ್ಷೆಯಲ್ಲಿ, ಆಸ್ಪಿರಿನ್ ತೆಗೆದುಕೊಂಡವರಿಗೆ ಮೊದಲ ಹೃದಯಾಘಾತದ ಸಂಭವ ನೂರಕ್ಕೆ 44ರಷ್ಟು ತಗ್ಗಿತ್ತು. ಅವರಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಸುಮಾರು 40,000 ಹೆಂಗಸರ ಮೇಲೆ ಹತ್ತು ವರ್ಷ ನಡೆದ ಪರೀಕ್ಷೆಯ ಫಲ 2005ರಲ್ಲಿ ಬಂದಾಗ ಚಿತ್ರ ಮಗುಚಿಬಿತ್ತು: ಒಟ್ಟಾರೆ ಹೆಂಗಸರಲ್ಲಿ ಮೊದಲ ಹೃದಯಾಘಾತ ತಗ್ಗಲಿಲ್ಲ, ತಗ್ಗಿದ್ದು ಪಾರ್ಶ್ವವಾಯು. (ಕಾಯಿಲೆಯಿಲ್ಲದವರು ಮುನ್ನೆಚ್ಚರಿಕೆಯಾಗಿ ದಿನವೂ ಆಸ್ಪಿರಿನ್ ನುಂಗುವುದನ್ನು, ರಕ್ತಸ್ರಾವದ ಭಯದಿಂದ, ವೈದ್ಯರು ಈಗ ಸಾಮಾನ್ಯವಾಗಿ ಯಾರಿಗೂ ಸಲಹೆ ಮಾಡುವುದಿಲ್ಲ, ಹೃದ್ರೋಗಕ್ಕಾಗಿ ವೈದ್ಯರು ಬರೆದುಕೊಟ್ಟದ್ದನ್ನು ಅವರನ್ನು ಕೇಳದೆ ಬಿಡಲೂಬಾರದು.)

ಪ್ರಯೋಗಶಾಲೆಯ ಇಲಿಗಳಲ್ಲಿಯೂ ಇದೇ ಪಕ್ಷಪಾತ. ಹೆಣ್ಣಿಲಿಯ ಋತುಚಕ್ರದಿಂದ ಫಲಿತಾಂಶ ಏರುಪೇರಾಗುತ್ತದೆಂಬ ನೆಪದಿಂದ ಗಂಡಿಲಿಯನ್ನೇ ಬಳಸುವುದು ವಾಡಿಕೆಯಾಗಿತ್ತು. ನರವಿಜ್ಞಾನದಲ್ಲಿ ಒಂದು ಹೆಣ್ಣಿನ ಅಭ್ಯಾಸಕ್ಕೆ ಐದೂವರೆ ಗಂಡಿನ ಅಭ್ಯಾಸವಿತ್ತೆಂದು 2011ರ ಒಂದು ಸಮೀಕ್ಷೆ ಲೆಕ್ಕಹಾಕಿತು. ಆ ನೆಪವನ್ನೇ 2014ರಲ್ಲಿ ಪರೀಕ್ಷಿಸಿ ನೋಡಿದಾಗ ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಹೆಚ್ಚು ಚಂಚಲವಲ್ಲವೆಂದು ತಿಳಿದುಬಂತು. ಗಂಡಿಲಿಗಳನ್ನು ಒಂದೇ ಪಂಜರದಲ್ಲಿ ಕೂಡಿಹಾಕಿದರೆ ಅವು ಕಾದಾಡುತ್ತವೆ, ಅವುಗಳ ಹಾರ್ಮೋನುಗಳೂ ಏರಿಳಿಯುತ್ತವೆ. ಅದನ್ನು ಯಾರೂ ಏರುಪೇರೆಂದು ಕರೆದಿರಲಿಲ್ಲ.

ಇದೆಲ್ಲ ದೂರದ ದೇಶದ ಮಾತಾಯಿತೆನ್ನುವವರು ಮಹಾನಗರದ ಒಂದು ಕನ್ನಡ ಮನೆಯೊಳಗೆ ಇಣುಕಿನೋಡಬಹುದು. ಐವತ್ತೈದು ವರ್ಷದ ಗಂಡಸು ಎದೆ ಹಿಡಿದುಕೊಂಡರೆ ಮನೆಮಂದಿಯೆಲ್ಲ ಎದ್ದು ಟ್ಯಾಕ್ಸಿ ಕರೆಯುತ್ತಾರೆ. ಅದೇ ವಯಸ್ಸಿನ ಗೃಹಿಣಿ ಉಸಿರು ಕಟ್ಟುತ್ತದೆ, ಹೊಟ್ಟೆ ತೊಳೆಸುತ್ತದೆ, ದವಡೆಯೂ ಬೆನ್ನೂ ಸೆಳೆಯುತ್ತದೆ ಎಂದರೆ ‘ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ’ ಎಂಬ ಸಲಹೆ ಬರುತ್ತದೆ. ಹೆಚ್ಚಿನ ಸಲ ಆ ಸಲಹೆಯನ್ನು ಕೊಟ್ಟುಕೊಳ್ಳುವವಳು ಅವಳೇ. ಹೃದಯಾಘಾತದಲ್ಲಿ ಎದೆನೋವೇ ಇಬ್ಬರಲ್ಲಿಯೂ ಮುಖ್ಯ ಲಕ್ಷಣ. ಆದರೆ ಹೆಂಗಸರಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ವಾಕರಿಕೆ, ಬೆನ್ನುದವಡೆಗಳ ನೋವು, ಕಾರಣವಿಲ್ಲದ ಬಳಲಿಕೆ ಗಂಡಸರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಸ್ತ್ರೀ ಹಾರ್ಮೋನು ರಕ್ತನಾಳಗಳಿಗೆ ಕೊಡುವ ರಕ್ಷೆ ಮುಟ್ಟು ನಿಂತ ಮೇಲೆ ತಗ್ಗುತ್ತದೆ. ಸಕ್ಕರೆಕಾಯಿಲೆ ಇದ್ದರೆ ಅದಕ್ಕೂ ಮೊದಲೇ ಅಳಿಸಿಹೋಗುತ್ತದೆ. ಪುಸ್ತಕಗಳು ಇವನ್ನು ‘ಅಸಾಮಾನ್ಯ ಲಕ್ಷಣ’ಗಳೆಂದು ಬಹುಕಾಲ ಕರೆದವು. ಜನಸಂಖ್ಯೆಯ ಅರ್ಧದಷ್ಟು ಮಂದಿಯ ಲಕ್ಷಣ ಅಸಾಮಾನ್ಯವಾಗುವುದು ಹೇಗೆ?

ಒಂಟಿ ಅಳತೆಗೋಲು ಗಂಡಸರನ್ನೂ ನೋಯಿಸುತ್ತದೆ. ಮೂಳೆ ಸವೆಯುವುದು, ಸ್ತನದ ಕ್ಯಾನ್ಸರ್, ಇವು ಹೆಂಗಸರ ಕಾಯಿಲೆಗಳೆಂದು ಹೆಸರಾದುದರಿಂದ ಇವಕ್ಕೆ ತುತ್ತಾದ ಗಂಡಸರು ತಡವಾಗಿ ವೈದ್ಯರ ಬಳಿ ಬರುತ್ತಾರೆ. ‘ಗಂಡಸು ನೋವು ಹೇಳಿಕೊಳ್ಳಬಾರದು’ ಎಂಬ ಕಟ್ಟಳೆಯಿಂದ ತಂಬಾಕು, ಮದ್ಯಗಳ ಜೊತೆಗೆ ಮೌನವೂ ಸೇರಿ ಅವರ ಆಯುಷ್ಯವನ್ನು ತಿನ್ನುತ್ತದೆ.

ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ತಪಾಸಣಾ ಶಿಬಿರಗಳು ಶ್ಲಾಘನೀಯ. ಆದರೆ ಅವುಗಳ ದೃಶ್ಯ ಸಾಮಾನ್ಯವಾಗಿ ಹೇಗಿರುತ್ತದೆ? ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಆ ಹೊತ್ತಿನಲ್ಲಿ ಗೃಹಿಣಿ ಮನೆಯಲ್ಲಿ ಹಬ್ಬದಡಿಗೆಯಂಥ ಅಡಿಗೆಯಲ್ಲಿ ಮುಳುಗಿರುತ್ತಾಳೆ, ಇಲ್ಲವೆ ಸಭಾಗೃಹದ ಹಿಂಭಾಗದಲ್ಲಿ ಶಿಬಿರಕ್ಕೆ ಬಂದವರಿಗೆ ಉಪ್ಪಿಟ್ಟು ಬಡಿಸುತ್ತಿರುತ್ತಾಳೆ. ಸಾಲಿನಲ್ಲಿ ನಿಂತವರು ಗಂಡಸರು. ಶಿಬಿರವನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿದರೆ ಸಂಘದ ಬೊಕ್ಕಸಕ್ಕೆ ಕಾಸಿನ ಖರ್ಚೂ ಇಲ್ಲ. ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆಯೂ ಇರಲೇಬೇಕು: 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆಯಿತ್ತು, ಗಂಡಸರಲ್ಲಿ 25 ಮಂದಿಗೆ. ಪ್ರತಿ ಮುಟ್ಟಿನಲ್ಲಿಯೂ ಹೆರಿಗೆಯಲ್ಲಿಯೂ ಕಬ್ಬಿಣಾಂಶ ಕಳೆದುಕೊಳ್ಳುವ ದೇಹ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುತ್ತದೆ.

ಶಿಬಿರದಲ್ಲಿ ತುಂಬಿಸಿಕೊಳ್ಳುವ ಫಾರಮಿನ ವಿಚಾರವನ್ನೂ ಹೇಳಬೇಕು. ಬೀಡಿ-ಸಿಗರೇಟು ಉಂಟೆ, ಮದ್ಯಪಾನ ಉಂಟೆ, ತಂದೆಗೆ ಹೃದ್ರೋಗವಿತ್ತೆ ಎಂದು ಅದು ಕೇಳುತ್ತದೆ. ಅನೇಕ ಕನ್ನಡ ಗೃಹಿಣಿಯರು ಮೂರಕ್ಕೂ ‘ಇಲ್ಲ’ವೆಂದು ಬರೆದು, ಹೃದಯ ನೆಟ್ಟಗಿದೆಯೆಂಬ ನೆಮ್ಮದಿಯಿಂದ ಅಡಿಗೆಮನೆಗೆ ಮರಳುತ್ತಾರೆ. ಬಸುರಿನಲ್ಲಿ ರಕ್ತದೊತ್ತಡ ಏರಿದ್ದವರಿಗೂ, ಆಗ ಸಕ್ಕರೆ ಕಾಣಿಸಿಕೊಂಡು ಹೆರಿಗೆಯ ಮೇಲೆ ಮಾಯವಾದವರಿಗೂ ಇಪ್ಪತ್ತು ಮೂವತ್ತು ವರ್ಷಗಳ ನಂತರ ಹೃದ್ರೋಗದ ಸಂಭವ ಇತರರಿಗಿಂತ ಹೆಚ್ಚೆಂಬುದು ಈಗ ಸಿದ್ಧವಾದ ಮಾತು. ಬಾಣಂತನಕ್ಕೆ ಊರಿಗೆ ಹೋಗಿದ್ದಾಗ ಅಲ್ಲಿನ ವೈದ್ಯರು ಹೇಳಿದ್ದನ್ನು ಅವಳ ತಾಯಿ ಬಲ್ಲಳು, ಅವಳೂ ಬಲ್ಲಳು. ಮಹಾನಗರದಲ್ಲಿ ಅದನ್ನು ಕೇಳಿದವರಿಲ್ಲ. ‘ಬಸುರಿನಲ್ಲಿ ರಕ್ತದೊತ್ತಡವಾಗಲಿ ಸಕ್ಕರೆಯಾಗಲಿ ಏರಿತ್ತೆ? ಮುಟ್ಟು ಯಾವ ವಯಸ್ಸಿನಲ್ಲಿ ನಿಂತಿತು?’ ಎಂಬ ಎರಡು ಸಾಲುಗಳನ್ನು ಮುಂದಿನ ವರ್ಷದ ಫಾರಮಿನಲ್ಲಿ ಅಚ್ಚುಹಾಕಿಸಲು ಅರ್ಧ ಅಂಗುಲ ಜಾಗ ಸಾಕು.